‘ಒಥೆಲೊ’ ನಾಟಕದಲ್ಲಿ ಕೀರ್ತಿಯೂ ಕಪಟವೂ

೧

ಷೇಕ್ಸ್‌ಪಿಯರ್ ಮಹಾಕವಿಯ ರುದ್ರನಾಟಕಗಳಲ್ಲಿ ‘ಒಥೆಲೊ’ ಒಂದು ಬಗೆಯಲ್ಲಿ ಉಳಿದವುಗಳಿಂದ ಬೇರೆಯಾದುದು. ‘ಹ್ಯಾಮ್ಲೆಟ್’ ನಾಟಕದಲ್ಲಿ ಪ್ರೇತವೂ ‘ಮ್ಯಾಕ್‌ಬೆತ್’ ನಾಟಕದಲ್ಲಿ ಮಾಟಗಾತಿಯರೂ ಬರುವಂತೆ ಇಲ್ಲಿ ಅಲೌಕಿಕವಾದುದೇನೂ ಬರುವುದಿಲ್ಲ. ‘ಲಿಯರ್ ಮಹಾರಾಜ’ನಲ್ಲಿರುವಂತೆ ರಾಜ್ಯವೊಂದು ಹೋಳಾಗುವುದೂ ಇಲ್ಲ. ಒಬ್ಬ ಸೇನಾಪತಿ, ಅವನ ಹೆಂಡತಿ, ಅವನ ಕೈಕೆಳಗಿನ ಇಬ್ಬರು ಅಧಿಕಾರಿಗಳು. ಇವರ ನಡುವೆ, ಒಂದು ಕರವಸ್ತ್ರವನ್ನೂ ಕೆಲವು ಮಾತುಗಳನ್ನೂ ಬಿಟ್ಟರೆ ಬೇರೆ ಸಾಧನವಿಲ್ಲದೆ, ಸರ್ವನಾಶವು ನಡೆದುಹೋಗುತ್ತದೆ. ಇಷ್ಟು ಅಲ್ಪವಾದ ಕಾರಣದಿಂದ ಇಷ್ಟು ಘೋರವಾದ ಕಾರ್ಯವು ಹುಟ್ಟಿದುದು ಹೇಗೆ ಎಂಬ ಪ್ರಶ್ನೆಯು ಬಹು ಹಳೆಯದು. ೧೬೯೩ರಲ್ಲಿಯೇ ತಾಮಸ್ ರೈಮರ್ ಎಂಬ ವಿಮರ್ಶಕನು, ಒಂದು ತುಂಡು ಬಟ್ಟೆಗಾಗಿ ಇಷ್ಟೊಂದು ರಂಪವೇ ಎಂದು ಈ ನಾಟಕವನ್ನು ಹಾಸ್ಯಮಾಡಿದನು.

ಅನಂತರ ಬಂದ ವಿಮರ್ಶಕರು ಹಾಸ್ಯವನ್ನು ಬಿಟ್ಟು ಕಾರಣವನ್ನು ಹುಡುಕಿದರು. ಕೋಲರಿಜ್ ಕವಿಯು ಇಯಾಗೊವಿನಲ್ಲಿ ನಿಷ್ಕಾರಣವಾದ ಹಗೆತನವನ್ನು ಕಂಡನು. ಹಗೆಯೇ ಮೊದಲು, ಕಾರಣಗಳೆಲ್ಲ ಆಮೇಲೆ ಹುಡುಕಿಕೊಂಡವು ಎಂದು ಅವನ ಅಭಿಪ್ರಾಯ. ೧೯೦೪ರಲ್ಲಿ ಎ. ಸಿ. ಬ್ರ್ಯಾಡ್ಲಿಯವರು, ಒಥೆಲೊ ಸ್ವಭಾವತಃ ಸಂಶಯಶೀಲನಲ್ಲವೆಂದೂ, ಎಲ್ಲರೂ ನಂಬಿದವನನ್ನೇ ಅವನೂ ನಂಬಿದನೆಂದೂ ವಾದಿಸಿದರು. ೧೯೧೫ರಲ್ಲಿ ಇ. ಇ. ಸ್ಟಾಲ್ ಅವರು, ಚಾಡಿಕೋರನ ಮಾತನ್ನು ನಾಯಕನು ನಂಬಿಬಿಡುವುದು ರಂಗಭೂಮಿಯ ಒಂದು ಸಂಪ್ರದಾಯವೇ ಹೊರತು ಮನಶ್ಶಾಸ್ತ್ರದ ವಿಷಯವಲ್ಲವೆಂದು ಹೇಳಿದರು. ೧೯೩೭ರಲ್ಲಿ ಎಫ್. ಆರ್. ಲೀವಿಸ್ ಅವರು ಬ್ರ್ಯಾಡ್ಲಿಯವರನ್ನು ಖಂಡಿಸಿ, ದೋಷವು ಮುಖ್ಯವಾಗಿ ಒಥೆಲೊವಿನ ಆತ್ಮಪ್ರಶಂಸೆಯಲ್ಲಿಯೇ ಇದೆಯೆಂದು ಪ್ರತಿಪಾದಿಸಿದರು.

ಈ ಉತ್ತರಗಳಲ್ಲಿ ಹೆಚ್ಚಿನವು ಇಯಾಗೊವಿನ ಮನಸ್ಸನ್ನು ಇಲ್ಲವೆ ಒಥೆಲೊವಿನ ಮನಸ್ಸನ್ನು ಹೊಕ್ಕು ನೋಡುತ್ತವೆ. ಆದರೆ ಅವರಿಬ್ಬರ ನಡುವೆ ನಿಂತು ಕೆಲಸಮಾಡುವ ಮೂರನೆಯದೊಂದು ವಸ್ತುವುಂಟು. ಅದು ‘ಹೆಸರು’. ಕೀರ್ತಿ, ಮಾನ, ಖ್ಯಾತಿ ಎಂದು ಬೇರೆ ಬೇರೆಯಾಗಿ ಕರೆಯಲ್ಪಡುವ ಈ ವಸ್ತುವಿನ ಬಲದಿಂದಲೇ ಇಯಾಗೊವಿನ ಕಪಟವು ನಡೆಯುತ್ತದೆ. ಒಥೆಲೊ ಕಾಪಾಡಿಕೊಳ್ಳಲು ಹೆಣಗುವುದೂ ಇದನ್ನೇ. ಡೆಸ್ಡಿಮೋನಳು ಪ್ರಾಣ ತೆರುವುದೂ ಇದಕ್ಕಾಗಿಯೇ. ಈ ದೃಷ್ಟಿಯಿಂದ ನೋಡಿದರೆ ನಾಟಕದ ಕಟ್ಟಡವು ಹೆಚ್ಚು ಸ್ಪಷ್ಟವಾಗುತ್ತದೆ. ಬಹುಕಾಲದಿಂದ ಚರ್ಚೆಯಲ್ಲಿರುವ ಒಂದು ಪಾಠಾಂತರದ ನಿರ್ಣಯಕ್ಕೂ ದಾರಿ ತೋರುತ್ತದೆ.

೨

ನಾಟಕವು ೧೬೦೪ನೆಯ ನವೆಂಬರ್ ೧ರಂದು ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ ಒಂದನೆಯ ಜೇಮ್ಸ್ ದೊರೆಯ ಮುಂದೆ ಅಭಿನೀತವಾಯಿತೆಂದು ಅರಮನೆಯ ವಿನೋದಶಾಖೆಯ ಲೆಕ್ಕಪತ್ರದಿಂದ ತಿಳಿದುಬರುತ್ತದೆ. ಕಥೆಗೆ ಮೂಲವು ಇಟಲಿಯ ಜಿರಾಲ್ಡಿ ಚಿಂತಿಯೊ ೧೫೬೫ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಲ್ಲಿದೆ. ಆ ಕಥೆಯ ಮುಖ್ಯ ಪಾತ್ರಗಳಲ್ಲಿ ಹೆಂಡತಿಗೆ ಮಾತ್ರ ಹೆಸರುಂಟು. ಉಳಿದವರು ಮೂರನು, ಧ್ವಜಧಾರಿ, ದಳಪತಿ ಎಂದಷ್ಟೇ ಕರೆಯಲ್ಪಟ್ಟಿದ್ದಾರೆ. ಅಲ್ಲಿ ಧ್ವಜಧಾರಿಯು ಸೇನಾಪತಿಯ ಹೆಂಡತಿಯನ್ನು ಮೋಹಿಸಿ, ಅವಳು ತನ್ನ ಕಡೆ ತಿರುಗಿಯೂ ನೋಡದಿರಲು ಆ ಮೋಹವನ್ನು ದ್ವೇಷವಾಗಿ ಮಾರ್ಪಡಿಸಿಕೊಳ್ಳುತ್ತಾನೆ. ಕರವಸ್ತ್ರವನ್ನು ಅವನೇ ಕದಿಯುತ್ತಾನೆ. ಅವನ ಹೆಂಡತಿಗೆ ಸಂಚೆಲ್ಲವೂ ತಿಳಿದಿದ್ದರೂ ಗಂಡನ ಭಯದಿಂದ ಬಾಯಿ ಬಿಡುವುದಿಲ್ಲ.

ಷೇಕ್ಸ್‌ಪಿಯರನು ಮಾಡಿದ ಮಾರ್ಪಾಡುಗಳಲ್ಲಿ ಮೂರು ಪ್ರಕೃತಕ್ಕೆ ಮುಖ್ಯವಾದುವು. ಮೊದಲನೆಯದು, ಧ್ವಜಧಾರಿಯ ಮೋಹವನ್ನು ತೆಗೆದುಹಾಕಿ, ಉಪಸೇನಾನಿಯ ಪದವಿಯು ತನಗೆ ಸಿಕ್ಕದೆ ಕ್ಯಾಸಿಯೊವಿಗೆ ಹೋಯಿತೆಂಬ ಅಸಮಾಧಾನವನ್ನು ಆ ಸ್ಥಳದಲ್ಲಿ ಇಟ್ಟುದು; ಎಂದರೆ ಕಥೆಯ ಮೊದಲ ಗಾಯವೇ ಗೌರವಕ್ಕೆ ತಗುಲಿದ ಗಾಯವಾಗಿದೆ. ಎರಡನೆಯದು, ವೆನಿಸಿನ ರಾಜ್ಯಸಭೆಯಲ್ಲಿ ನಡೆಯುವ ವಿಚಾರಣೆಯನ್ನು ಹೊಸದಾಗಿ ಕಲ್ಪಿಸಿ ಮೊದಲನೆಯ ಅಂಕದಲ್ಲಿ ಸೇರಿಸಿದುದು. ಮೂರನೆಯದು, ಧ್ವಜಧಾರಿಯ ಹೆಂಡತಿಯಾದ ಎಮಿಲಿಯಳಿಗೆ ಸಂಚು ತಿಳಿಯದಂತೆ ಮಾಡಿ, ತಿಳಿದ ಕ್ಷಣದಲ್ಲಿಯೇ ಬಾಯಿಬಿಡುವಂತೆ ಮಾಡಿದುದು. ಈ ಮೂರೂ ಬೇರೆ ಬೇರೆಯಾದ ಮಾರ್ಪಾಡುಗಳಾಗಿ ತೋರಿದರೂ ಒಂದೇ ಅಭಿಪ್ರಾಯದಿಂದ ಹುಟ್ಟಿದುವೆಂಬುದು ಮುಂದೆ ಕಂಡುಬರುವುದು.

೩

ಕೀರ್ತಿಯ ವಿಷಯವಾಗಿ ಈ ನಾಟಕದಲ್ಲಿ ಪ್ರಸಿದ್ಧವಾದ ಎರಡು ಮಾತುಗಳುಂಟು. ಎರಡನ್ನೂ ಆಡಿದವನು ಇಯಾಗೊ; ಎರಡೂ ಒಂದಕ್ಕೊಂದು ನೇರ ವಿರುದ್ಧ.

ಎರಡನೆಯ ಅಂಕದ ಮೂರನೆಯ ದೃಶ್ಯದಲ್ಲಿ, ಸೈಪ್ರಸ್ ದ್ವೀಪದ ಕಾವಲಿನ ರಾತ್ರಿ, ಇಯಾಗೊ ಉಪಾಯದಿಂದ ಕ್ಯಾಸಿಯೊವಿಗೆ ಮದ್ಯವನ್ನು ಕುಡಿಸಿ ಜಗಳವಾಗುವಂತೆ ಮಾಡುತ್ತಾನೆ. ಮೊಂಟಾನೊ ಎಂಬ ಗೌರವಸ್ಥನಿಗೆ ಗಾಯವಾಗುತ್ತದೆ. ಒಥೆಲೊ ಬಂದು ಕ್ಯಾಸಿಯೊವನ್ನು ಪದವಿಯಿಂದ ತೆಗೆದುಹಾಕುತ್ತಾನೆ. ಆಗ ಕ್ಯಾಸಿಯೊ, ತನ್ನ ಹೆಸರು ಹೋಯಿತೆಂದು ಮತ್ತೆ ಮತ್ತೆ ಹಲುಬಿ, ತನ್ನಲ್ಲಿ ಅಮರವಾಗಿದ್ದ ಭಾಗವೇ ಹೋಗಿ ಪಶುವಿನ ಭಾಗ ಮಾತ್ರ ಉಳಿಯಿತೆಂದು ಗೋಳಿಡುತ್ತಾನೆ. ಇಯಾಗೊ ಅವನನ್ನು ಸಮಾಧಾನಪಡಿಸುತ್ತ, ಮೈಗೆ ಏಟು ಬಿದ್ದಿದೆಯೆಂದು ತಾನು ತಿಳಿದಿದ್ದುದಾಗಿಯೂ, ಕೀರ್ತಿಯೆಂಬುದು ಹುರುಳಿಲ್ಲದ ಹೊರೆಯೆಂದೂ, ಯೋಗ್ಯತೆಯಿಲ್ಲದೆ ಬರುವಂತೆಯೇ ತಪ್ಪಿಲ್ಲದೆ ಹೋಗುವುದೆಂದೂ ಹೇಳುತ್ತಾನೆ.

ಮೂರನೆಯ ಅಂಕದ ಮೂರನೆಯ ದೃಶ್ಯದಲ್ಲಿ ಅದೇ ಇಯಾಗೊ ಒಥೆಲೊವಿನ ಮುಂದೆ ನಿಂತು, ಸ್ತ್ರೀಪುರುಷರಿಬ್ಬರಿಗೂ ಒಳ್ಳೆಯ ಹೆಸರೇ ಆತ್ಮದ ಆಭರಣವೆಂದೂ, ಹಣದ ಚೀಲವನ್ನು ಕದ್ದವನು ಕಸವನ್ನು ಕದ್ದಂತೆಯೆಂದೂ, ಹೆಸರನ್ನು ಕದ್ದವನಾದರೋ ತನಗೆ ಲಾಭವಿಲ್ಲದೆ ಕಳೆದುಕೊಂಡವನನ್ನು ನಿಜವಾದ ದರಿದ್ರನನ್ನಾಗಿ ಮಾಡುವನೆಂದೂ ನುಡಿಯುತ್ತಾನೆ.

ಈ ಎರಡನೆಯ ಮಾತನ್ನು ಮಾತ್ರ ಸಂದರ್ಭದಿಂದ ಬಿಡಿಸಿ, ನೀತಿವಾಕ್ಯವೆಂಬಂತೆ ಸುಭಾಷಿತ ಸಂಗ್ರಹಗಳಲ್ಲಿ ಉದಾಹರಿಸುವ ವಾಡಿಕೆಯುಂಟು. ಆದರೆ ಅದು ಕವಿಯ ಮತವೆಂದು ತಿಳಿಯುವುದು ತಪ್ಪು. ಇಯಾಗೊವಿನ ಮತವೆಂದು ತಿಳಿಯುವುದೂ ತಪ್ಪು. ಹೆಸರನ್ನು ಕಳೆದುಕೊಂಡವನಿಗೆ ಅದು ಏನೂ ಅಲ್ಲವೆಂದೂ, ಹೆಸರನ್ನು ಇನ್ನೂ ಉಳಿಸಿಕೊಂಡಿರುವವನಿಗೆ ಅದೇ ಸರ್ವಸ್ವವೆಂದೂ ಅವನು ಹೇಳುತ್ತಾನೆ. ಮೊದಲನೆಯವನು ಎದೆಗುಂದಿ ಕುಳಿತರೆ ಡೆಸ್ಡಿಮೋನಳ ಹತ್ತಿರ ಹೋಗಿ ಶಿಫಾರಸು ಬೇಡುವುದಿಲ್ಲ. ಎರಡನೆಯವನು ಎದೆಗುಂದದಿದ್ದರೆ ಬಲೆಗೆ ಬೀಳುವುದಿಲ್ಲ. ಎರಡು ಮಾತುಗಳಲ್ಲಿರುವ ವಿರೋಧವು ಅಭಿಪ್ರಾಯದ ವಿರೋಧವಲ್ಲ. ಒಂದೇ ಕೆಲಸಕ್ಕೆ ಬೇಕಾದ ಎರಡು ಸಲಕರಣೆಗಳ ಭೇದ. ಎರಡನೆಯ ಮಾತು ಒಂದು ಅರ್ಥದಲ್ಲಿ ನಿಜವೂ ಹೌದು. ಹೆಸರನ್ನು ಕದಿಯುವವನಿಗೆ ಅದರಿಂದ ಲಾಭವಿಲ್ಲವೆಂದು ಹೇಳುವಾಗ ಇಯಾಗೊ ತನ್ನ ಕಸುಬನ್ನೇ ಬಣ್ಣಿಸುತ್ತಿದ್ದಾನೆ. ಕಳ್ಳನು ಮನೆಯೊಡೆಯನ ಮುಂದೆ ಕಳ್ಳತನದ ಕೇಡನ್ನು ವಿವರಿಸುತ್ತಿರುವಂತಿದೆ.

೪

ಇಂಥವನ ಮಾತು ಯಾರ ಕಿವಿಗೂ ಸಂಶಯವನ್ನು ಹುಟ್ಟಿಸದಿರುವುದಕ್ಕೆ ಕಾರಣ ಅವನ ಸ್ವಂತ ಹೆಸರು. ಒಥೆಲೊ, ಕ್ಯಾಸಿಯೊ, ಡೆಸ್ಡಿಮೋನ ಮೂವರೂ ಇಯಾಗೊವನ್ನು ‘ಆನೆಸ್ಟ್’ ಎಂಬ ವಿಶೇಷಣದಿಂದ ಹೊಗಳುತ್ತಾರೆ. ಈ ಶಬ್ದವೂ ಇದರ ಭಾವನಾಮವೂ ಸೇರಿ ನಾಟಕದಲ್ಲಿ ೫೨ ಸಲ ಬರುತ್ತವೆಂದು ವಿಲಿಯಂ ಎಂಪ್ಸನ್ ಅವರು ೧೯೫೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಎಣಿಸಿ ತೋರಿಸಿದ್ದಾರೆ. ಆ ಕಾಲದ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಸತ್ಯವಂತನೆಂಬ ಅರ್ಥದ ಜೊತೆಗೆ ‘ಪಾಪ, ಒಳ್ಳೆಯ ಮನುಷ್ಯ’ ಎಂದು ಮೇಲಿನವನು ಕೆಳಗಿನವನನ್ನು ಬೆನ್ನು ತಟ್ಟುವ ಧ್ವನಿಯೂ ಉಂಟು. ಆದ್ದರಿಂದ ಇಯಾಗೊವಿನ ಹೆಸರು ಒಳ್ಳೆಯದಾದರೂ ದೊಡ್ಡದಲ್ಲ. ಪದವಿಯನ್ನು ಕೊಡುವಾಗ ಅವನನ್ನು ಬಿಟ್ಟು ಮುಂದೆ ಹೋದವರೇ ಈ ಹೆಸರನ್ನು ಅವನಿಗೆ ಧಾರಾಳವಾಗಿ ಕೊಟ್ಟಿದ್ದಾರೆ. ಬೆಲೆಯಿಲ್ಲವೆಂದು ತಿಳಿದು ಅವರು ಕೊಟ್ಟ ಈ ನಾಣ್ಯದಿಂದಲೇ ಅವನು ಅವರ ಸರ್ವಸ್ವವನ್ನೂ ಕೊಂಡುಕೊಳ್ಳುತ್ತಾನೆ.

ಈ ಶಬ್ದಕ್ಕೆ ಇನ್ನೊಂದು ಮುಖವುಂಟು. ಪುರುಷನ ವಿಷಯದಲ್ಲಿ ಹೇಳಿದಾಗ ಅದು ಸತ್ಯಸಂಧತೆಯನ್ನೂ, ಸ್ತ್ರೀಯ ವಿಷಯದಲ್ಲಿ ಹೇಳಿದಾಗ ಮುಖ್ಯವಾಗಿ ಪಾತಿವ್ರತ್ಯವನ್ನೂ ಸೂಚಿಸುತ್ತದೆ. ಒಥೆಲೊ ತೊಳಲುವುದು ಈ ಒಂದೇ ಶಬ್ದದ ಎರಡು ಪ್ರಯೋಗಗಳ ನಡುವೆ. ಹೆಂಡತಿಯು ‘ಆನೆಸ್ಟ್’ ಆಗಿದ್ದರೆ ಇಯಾಗೊ ಆಗಿರಲಾರನು. ಇಯಾಗೊ ಆಗಿದ್ದರೆ ಹೆಂಡತಿ ಆಗಿರಲಾರಳು. ಕನ್ನಡದಲ್ಲಿ ಒಂದಕ್ಕೆ ಪ್ರಾಮಾಣಿಕನೆಂದೂ ಇನ್ನೊಂದಕ್ಕೆ ಶೀಲವತಿಯೆಂದೂ ಬೇರೆ ಬೇರೆ ಶಬ್ದಗಳನ್ನು ಬಳಸಬೇಕಾಗಿರುವುದರಿಂದ ಮೂಲದ ಈ ತೂಕವು ಭಾಷಾಂತರದಲ್ಲಿ ಜಾರಿಹೋಗುವುದು ಸಹಜ. ೧೯ನೆಯ ಶತಮಾನದಲ್ಲಿ ಬಸವಪ್ಪ ಶಾಸ್ತ್ರಿಗಳು ಈ ನಾಟಕವನ್ನು ‘ಶೂರಸೇನ ಚರಿತ್ರೆ’ ಎಂಬ ಹೆಸರಿನಿಂದ ಕನ್ನಡಕ್ಕೆ ರೂಪಾಂತರಿಸಿದ ಕಾಲದಿಂದಲೂ ಕನ್ನಡ ಓದುಗರಿಗೆ ಕಥೆಯು ಪರಿಚಿತವಾಗಿದೆ. ಆದರೆ ತರಗತಿಯಲ್ಲಿ ಈ ನಾಟಕವನ್ನು ಪಾಠಹೇಳುವವರು ಈ ಶಬ್ದದ ಎರಡು ಮುಖಗಳನ್ನು ಒಟ್ಟಿಗೆ ಎತ್ತಿ ತೋರಿಸದಿದ್ದರೆ ವಿದ್ಯಾರ್ಥಿಗಳಿಗೆ ಕಥೆ ಸಿಕ್ಕಿ, ಕಥೆಯ ಕೀಲು ತಪ್ಪಿಹೋಗುತ್ತದೆ.

ಮೊದಲನೆಯ ಅಂಕದಲ್ಲಿಯೇ ಈ ತಕ್ಕಡಿಯನ್ನು ಕವಿಯು ತೂಗಿಬಿಟ್ಟಿದ್ದಾನೆ. ತಂದೆಯನ್ನು ವಂಚಿಸಿದವಳು ನಿನ್ನನ್ನೂ ವಂಚಿಸಬಹುದು ಎಂದು ಬ್ರಬಾನ್ಷಿಯೊ ಎಚ್ಚರಿಸಿದಾಗ ಒಥೆಲೊ, ಅವಳ ನಿಷ್ಠೆಗೆ ತನ್ನ ಪ್ರಾಣವೇ ಪಣವೆಂದು ಉತ್ತರ ಕೊಡುತ್ತಾನೆ. ಅದೇ ಉಸಿರಿನಲ್ಲಿ ಇಯಾಗೊವಿನ ಕಡೆಗೆ ತಿರುಗಿ, ಅವನನ್ನು ಆ ವಿಶೇಷಣದಿಂದಲೇ ಸಂಬೋಧಿಸಿ, ಹೆಂಡತಿಯನ್ನು ಅವನ ವಶಕ್ಕೆ ಒಪ್ಪಿಸುತ್ತಾನೆ. ಎರಡು ನಂಬಿಕೆಗಳೂ ಒಂದೇ ಕ್ಷಣದಲ್ಲಿ ಪ್ರಕಟವಾದುವು. ಯಾವುದು ಯಾವುದನ್ನು ನುಂಗುವುದೆಂಬುದೇ ಮುಂದಿನ ನಾಲ್ಕು ಅಂಕಗಳ ವಿಷಯ.

೫

ಇಯಾಗೊವಿನ ಉಪಾಯವನ್ನು ಸಾಮಾನ್ಯವಾಗಿ ಸುಳ್ಳುಹೇಳುವಿಕೆಯೆಂದು ವರ್ಣಿಸುವರು. ಸೂಕ್ಷ್ಮವಾಗಿ ನೋಡಿದರೆ, ಮೂರನೆಯ ಅಂಕದ ಆ ದೀರ್ಘವಾದ ದೃಶ್ಯದ ಮೊದಲ ಭಾಗದಲ್ಲಿ ಅವನು ಡೆಸ್ಡಿಮೋನಳ ಮೇಲೆ ಸ್ಪಷ್ಟವಾದ ಆರೋಪವನ್ನೇ ಮಾಡುವುದಿಲ್ಲ. ಕ್ಯಾಸಿಯೊ ಅವಳ ಬಳಿಯಿಂದ ಹೊರಟುಹೋಗುವುದನ್ನು ನೋಡಿ, ಅದು ತನಗೆ ಹಿಡಿಸಲಿಲ್ಲವೆಂದು ತನ್ನಲ್ಲಿಯೇ ಎಂಬಂತೆ ಗೊಣಗುತ್ತಾನೆ. ಏನೆಂದು ಕೇಳಿದರೆ ಏನೂ ಇಲ್ಲವೆನ್ನುತ್ತಾನೆ. ಒಥೆಲೊ ಕೇಳಿದ ಪ್ರಶ್ನೆಯ ಶಬ್ದವನ್ನೇ ಪ್ರತಿಧ್ವನಿಯಂತೆ ಹಿಂದಕ್ಕೆ ಕೊಡುತ್ತಾನೆ. ಹೇಳಲಾರೆನೆಂದು ಹಿಂಜರಿಯುತ್ತಾನೆ. ತನ್ನದು ಸಂಶಯದ ಸ್ವಭಾವವೆಂದೂ, ತನ್ನ ಊಹೆಗೆ ಬೆಲೆ ಕೊಡಬಾರದೆಂದೂ ಬೇಡಿಕೊಳ್ಳುತ್ತಾನೆ. ಪ್ರತಿಯೊಂದು ಹಿಂಜರಿಕೆಯೂ ಒಥೆಲೊವನ್ನು ಒಂದು ಹೆಜ್ಜೆ ಮುಂದಕ್ಕೆ ಎಳೆಯುತ್ತದೆ.

ಈ ಎಳೆತದ ರಹಸ್ಯವನ್ನು ಒಥೆಲೊವೇ ಬಿಡಿಸಿ ಹೇಳುತ್ತಾನೆ. ಇಂತಹ ತಡವರಿಕೆಗಳು ಮೋಸಗಾರನಲ್ಲಿ ಕಂಡರೆ ವಾಡಿಕೆಯ ತಂತ್ರಗಳು. ಸತ್ಯವಂತನಲ್ಲಿ ಕಂಡರೆ ತಡೆಯಲಾರದೆ ಹೊರಹೊಮ್ಮುವ ಹೃದಯದ ಗುರುತುಗಳು ಎಂಬುದು ಅವನ ತರ್ಕ. ತರ್ಕದಲ್ಲಿ ದೋಷವಿಲ್ಲ. ಒಂದೇ ಚಿಹ್ನೆಗೆ ಎರಡು ಅರ್ಥಗಳಿರಬಹುದೆಂದು ಅವನಿಗೆ ಚೆನ್ನಾಗಿ ತಿಳಿದಿದೆ. ಆದರೆ ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ತೀರ್ಮಾನಿಸುವುದು ಚಿಹ್ನೆಯಲ್ಲ, ಮಾತನಾಡುವವನ ಹೆಸರು. ಇಯಾಗೊ ಸತ್ಯವಂತನೆಂಬುದು ಮೊದಲೇ ಸಿದ್ಧವಾಗಿರುವುದರಿಂದ ಅವನ ಮೌನವೂ ಸಾಕ್ಷಿಯಾಗುತ್ತದೆ. ಇಡೀ ನಾಟಕದ ಕಪಟವು ಈ ಒಂದು ಮಾತಿನಲ್ಲಿ ಅಡಗಿದೆ: ಕಪಟಿಯು ತನ್ನ ಸುಳ್ಳನ್ನು ನಂಬಿಸಬೇಕಾಗಿಲ್ಲ, ಜನರು ತನ್ನ ವಿಷಯದಲ್ಲಿ ಮೊದಲೇ ನಂಬಿರುವುದನ್ನು ಕೆಡಿಸಿಕೊಳ್ಳದಿದ್ದರೆ ಸಾಕು.

ಇದೇ ಉಪಾಯದ ಪೂರ್ವಾಭ್ಯಾಸವು ಹಿಂದಿನ ಅಂಕದಲ್ಲಿಯೇ ನಡೆದಿತ್ತು. ರಾತ್ರಿಯ ಜಗಳವನ್ನು ವಿಚಾರಿಸಿದಾಗ ಕ್ಯಾಸಿಯೊ ಮಾತನಾಡಲಾರದೆ ಕ್ಷಮೆಬೇಡುತ್ತಾನೆ. ಮೊಂಟಾನೊ ಗಾಯದ ನೋವಿನಿಂದ ಇಯಾಗೊವಿನ ಕಡೆ ಕೈ ತೋರಿಸುತ್ತಾನೆ. ಇಯಾಗೊ, ಕ್ಯಾಸಿಯೊವಿಗೆ ಕೇಡುಮಾಡುವುದಕ್ಕಿಂತ ತನ್ನ ನಾಲಗೆಯನ್ನು ಕತ್ತರಿಸಿಕೊಳ್ಳುವುದೇ ಲೇಸೆಂದು ಪೀಠಿಕೆ ಹಾಕಿ, ಅನಂತರ ನಡೆದುದನ್ನು ಹೇಳುತ್ತಾನೆ. ಇವನು ಸ್ನೇಹದಿಂದ ತಪ್ಪನ್ನು ಹಗುರಮಾಡಿ ಹೇಳುತ್ತಿದ್ದಾನೆಂದು ಒಥೆಲೊ ಊಹಿಸಿ, ಹೇಳಿದುದಕ್ಕಿಂತ ಹೆಚ್ಚನ್ನು ನಂಬಿ, ಕ್ಯಾಸಿಯೊವನ್ನು ಒಡನೆಯೇ ತೆಗೆದುಹಾಕುತ್ತಾನೆ. ಇಯಾಗೊವಿಗೆ ಒಥೆಲೊ ಓದುವ ಬಗೆ ಯಾವುದೆಂಬುದು ಅಂದೇ ಗೊತ್ತಾಯಿತು.

ಮುಂದೆ ನಾಲ್ಕನೆಯ ಅಂಕದಲ್ಲಿ ಈ ಉಪಾಯವು ಒಥೆಲೊವಿನ ಮೇಲೆಯೇ ತಿರುಗುತ್ತದೆ. ವೆನಿಸಿನಿಂದ ಬಂದ ಲೊಡೊವಿಕೊವಿನ ಎದುರಿನಲ್ಲಿ ಒಥೆಲೊ ಹೆಂಡತಿಯನ್ನು ಹೊಡೆಯುತ್ತಾನೆ. ರಾಜ್ಯಸಭೆಯೆಲ್ಲ ಒಕ್ಕೊರಲಿನಿಂದ ಹೊಗಳಿದ ಗಂಭೀರನು ಇವನೇ ಎಂದು ಲೊಡೊವಿಕೊ ಬೆರಗಾಗುತ್ತಾನೆ. ಇಯಾಗೊ ಆಗಲೂ ದೂಷಿಸುವುದಿಲ್ಲ. ತಾನು ಕಂಡುದನ್ನು ಹೇಳುವುದು ತನಗೆ ಧರ್ಮವಲ್ಲ, ತಾವೇ ಗಮನಿಸಿ ನೋಡಬೇಕು ಎಂದಷ್ಟೇ ವಿನಯದಿಂದ ಹೇಳುತ್ತಾನೆ. ಕ್ಯಾಸಿಯೊವಿನ ಹೆಸರನ್ನೂ ಡೆಸ್ಡಿಮೋನಳ ಹೆಸರನ್ನೂ ತೆಗೆದ ಹಿಂಜರಿಕೆಯೇ ಈಗ ಒಡೆಯನ ಹೆಸರನ್ನೂ ತೆಗೆಯುತ್ತಿದೆ.

ಕರವಸ್ತ್ರದ ಸ್ಥಾನವೂ ಇದರಿಂದ ಗೊತ್ತಾಗುತ್ತದೆ. ಒಥೆಲೊ ಕಣ್ಣಿಗೆ ಕಾಣುವ ಪ್ರಮಾಣವನ್ನು ಕೇಳಿದಾಗ ಇಯಾಗೊ ಮೊದಲು ಕ್ಯಾಸಿಯೊ ನಿದ್ರೆಯಲ್ಲಿ ಕನವರಿಸಿದನೆಂಬ ಕಥೆಯನ್ನೂ, ಅನಂತರ ಕರವಸ್ತ್ರವನ್ನು ಅವನ ಕೈಯಲ್ಲಿ ಕಂಡೆನೆಂಬ ಮಾತನ್ನೂ ಹೇಳುತ್ತಾನೆ. ಆ ಹೊತ್ತಿಗೆ ಒಥೆಲೊ ಕಂಡುದು ಏನೂ ಇಲ್ಲ, ಎಲ್ಲವೂ ಕೇಳಿದುದೇ. ಕರವಸ್ತ್ರವು ನಂಬಿಕೆಯನ್ನು ಹುಟ್ಟಿಸಲಿಲ್ಲ. ಹುಟ್ಟಿದ ನಂಬಿಕೆಯು ತನಗೊಂದು ಆಧಾರವನ್ನು ಹುಡುಕುತ್ತಿರಲು ಅದು ಒದಗಿಬಂತು. ರೈಮರನ ಹಾಸ್ಯಕ್ಕೆ ಇದೇ ಉತ್ತರ.

೬

ಒಥೆಲೊ ಪ್ರಮಾಣವನ್ನು ಕೇಳುವ ಆ ಸಂದರ್ಭದಲ್ಲಿಯೇ ಮೇಲೆ ಸೂಚಿಸಿದ ಪಾಠಾಂತರವು ಬರುತ್ತದೆ. ನಾಟಕದ ಮೊದಲನೆಯ ಮುದ್ರಣವು ೧೬೨೨ರಲ್ಲಿ, ಕ್ವಾರ್ಟೊ ಎಂಬ ಚಿಕ್ಕ ಆಕಾರದಲ್ಲಿ ಹೊರಬಂದಿತು. ೧೬೨೩ರಲ್ಲಿ ಕವಿಯ ನಾಟಕಗಳನ್ನು ಕೂಡಿಸಿ ಅಚ್ಚುಮಾಡಿದ ಫೋಲಿಯೊ ಎಂಬ ದೊಡ್ಡ ಸಂಪುಟದಲ್ಲಿ ಇದು ಸುಮಾರು ೧೬೦ ಪಂಕ್ತಿಗಳಷ್ಟು ಹೆಚ್ಚಾಗಿ ಕಂಡುಬರುತ್ತದೆ. ೧೬೩೦ರಲ್ಲಿ ಎರಡನೆಯ ಕ್ವಾರ್ಟೊ ಪ್ರಕಟವಾಯಿತು. ಹೆಂಡತಿಯು ಶುದ್ಧಳೆಂದೂ ಅಲ್ಲವೆಂದೂ ತೋರುತ್ತಿದೆಯೆಂದು ಒಥೆಲೊ ಹೊಯ್ದಾಡುವ ಮಾತು ೧೬೨೨ರ ಪ್ರತಿಯಲ್ಲಿಲ್ಲ. ಫೋಲಿಯೊ ಪ್ರತಿಯಲ್ಲಿ ಆ ಮಾತಿನ ಮಧ್ಯದಲ್ಲಿ, ಡಯಾನಾ ದೇವಿಯ ಮುಖದಂತೆ ನಿರ್ಮಲವಾಗಿದ್ದ ‘ನನ್ನ’ ಹೆಸರು ಈಗ ನನ್ನ ಮುಖದಂತೆಯೇ ಮಸಿಹಿಡಿಯಿತು ಎಂಬ ಅರ್ಥ ಬರುತ್ತದೆ. ೧೬೩೦ರ ಪ್ರತಿಯಲ್ಲಿ ‘ನನ್ನ’ ಎಂಬುದಕ್ಕೆ ಬದಲಾಗಿ ‘ಅವಳ’ ಎಂದಿದೆ. ಸಂಪಾದಕರಲ್ಲಿ ಎರಡು ಪಾಠಗಳನ್ನೂ ಸಮರ್ಥಿಸುವವರುಂಟು.

‘ಅವಳ’ ಎಂಬ ಪಾಠವು ಮೇಲುನೋಟಕ್ಕೆ ಸುಲಭವಾದುದು. ಡಯಾನಾ ಕನ್ಯಾವ್ರತದ ದೇವತೆ. ಆ ಉಪಮಾನವು ಸ್ತ್ರೀಯ ಹೆಸರಿಗೆ ಒಪ್ಪುವಷ್ಟು ದಂಡನಾಯಕನ ಹೆಸರಿಗೆ ಒಪ್ಪುವುದಿಲ್ಲ. ಆದರೆ ಸುಲಭವಾದುದೆಂಬುದೇ ಅದರ ಮೇಲಿನ ಸಂಶಯಕ್ಕೆ ಕಾರಣ. ಕಠಿನವಾದ ಪಾಠವನ್ನು ತಿದ್ದಿ ಸುಲಭಮಾಡಿದವರು ಲಿಪಿಕಾರರಲ್ಲಿಯೂ ಮುದ್ರಕರಲ್ಲಿಯೂ ಹಲವರುಂಟು. ಸುಲಭವಾದುದನ್ನು ಬೇಕೆಂದು ಕಠಿನಮಾಡಿದವರು ವಿರಳ. ಹಳಗನ್ನಡ ಗ್ರಂಥಗಳನ್ನು ಸಂಪಾದಿಸಿದವರಿಗೆ ಈ ನ್ಯಾಯವು ಹೊಸದಲ್ಲ.

ಇದಕ್ಕಿಂತ ಬಲವಾದ ಸಾಕ್ಷ್ಯವು ನಾಟಕದೊಳಗೇ ಇದೆ. ಮೊದಲನೆಯ ಅಂಕದಲ್ಲಿ ಬ್ರಬಾನ್ಷಿಯೊ ಅಳಿಯನ ಮುಖದ ಬಣ್ಣವನ್ನೇ ಹಿಡಿದು ಅವನನ್ನು ಅಳೆಯುತ್ತಾನೆ. ಅದಕ್ಕೆ ಒಥೆಲೊ ಕೊಡುವ ಉತ್ತರವೆಂದರೆ ತನ್ನ ಸೇವೆ: ರಾಜ್ಯಕ್ಕೆ ತಾನು ಮಾಡಿದ ಕೆಲಸವೇ ದೂರುಗಳಿಗಿಂತ ಗಟ್ಟಿಯಾಗಿ ಮಾತನಾಡುವುದೆಂದು ಅವನ ಧೈರ್ಯ. ಡೆಸ್ಡಿಮೋನಳೂ ಅವನ ಮುಖವನ್ನು ಅವನ ಮನಸ್ಸಿನಲ್ಲಿ ಕಂಡೆನೆಂದು ಸಭೆಯಲ್ಲಿ ಹೇಳುತ್ತಾಳೆ. ಎಂದರೆ, ವೆನಿಸಿನಲ್ಲಿ ಅನ್ಯದೇಶೀಯನಾಗಿದ್ದ ಒಥೆಲೊವಿಗೆ ಮುಖ ಬೇರೆ, ಹೆಸರು ಬೇರೆ. ಮುಖವು ಹುಟ್ಟಿನಿಂದ ಬಂದುದು. ಹೆಸರು ತಾನೇ ಗಳಿಸಿದುದು. ಮುಖವನ್ನು ಹಳಿಯುವವರ ನಡುವೆ ಅವನನ್ನು ಎತ್ತಿ ನಿಲ್ಲಿಸಿದುದು ಆ ಹೆಸರೊಂದೇ. ಅಂಥ ಹೆಸರು ಈಗ ಮುಖದಂತೆಯೇ ಆಯಿತೆಂದು ಅವನ ಬಾಯಿಂದ ಬಂದಾಗ ಬ್ರಬಾನ್ಷಿಯೊವಿನ ಅಳತೆಗೋಲನ್ನು ಅವನು ತಾನೇ ಕೈಗೆ ತೆಗೆದುಕೊಂಡಂತಾಯಿತು. ಇಯಾಗೊವಿನ ನಿಜವಾದ ಜಯವು ಇಲ್ಲಿಯೇ ಇದೆ. ಅವನು ಒಥೆಲೊವಿನಲ್ಲಿ ಹೆಂಡತಿಯ ಮೇಲೆ ಸಂಶಯವನ್ನು ಹುಟ್ಟಿಸಿದುದು ಅರ್ಧ ಕೆಲಸ. ಒಥೆಲೊ ತನ್ನನ್ನು ತನ್ನ ವೈರಿಗಳ ಕಣ್ಣಿನಿಂದ ನೋಡಿಕೊಳ್ಳುವಂತೆ ಮಾಡಿದುದು ಇನ್ನರ್ಧ.

‘ನನ್ನ’ ಎಂಬ ಪಾಠವನ್ನು ಹಿಡಿದರೆ ಇದೇ ದೃಶ್ಯದಲ್ಲಿ ಸ್ವಲ್ಪ ಹಿಂದೆ ಬರುವ ಒಂದು ವಿಚಿತ್ರವೂ ಪರಿಹಾರವಾಗುತ್ತದೆ. ಹೆಂಡತಿಯ ಮೇಲೆ ಸಂಶಯ ಬಂದೊಡನೆ ಒಥೆಲೊ ಸೈನ್ಯಕ್ಕೂ ಕುದುರೆಗೂ ಕಹಳೆಗೂ ಧ್ವಜಕ್ಕೂ ವಿದಾಯ ಹೇಳಿ ತನ್ನ ಕಸುಬೇ ಮುಗಿಯಿತೆನ್ನುತ್ತಾನೆ. ಮನೆಯ ದುಃಖಕ್ಕೂ ರಣರಂಗಕ್ಕೂ ಏನು ಸಂಬಂಧವೆಂದು ಓದುಗರಿಗೆ ತೋರಬಹುದು. ಸಂಬಂಧವು ಹೆಸರಿನ ಮೂಲಕ. ಅವಳ ಶೀಲವನ್ನು ಅವನು ತನ್ನ ಕೀರ್ತಿಯ ಒಂದು ಭಾಗವನ್ನಾಗಿ ಮಾಡಿಕೊಂಡಿದ್ದಾನೆ. ಆದುದರಿಂದ ಅದು ಹೋದರೆ ಇದು ಇಡಿಯಾಗಿ ಹೋಗುತ್ತದೆ. ‘ಅವಳ’ ಎಂಬ ಪಾಠವು ಅವಳ ಹೆಸರಿಗಾಗಿ ಮರುಗುವ ಗಂಡನೊಬ್ಬನನ್ನು ತೋರಿಸುತ್ತದೆ. ನಾಟಕದಲ್ಲಿ ಅಂಥವನಿಲ್ಲ. ಇದ್ದಿದ್ದರೆ ಅವನು ಅವಳನ್ನು ಒಂದು ಮಾತು ಕೇಳುತ್ತಿದ್ದನು.

೭

ಕೇಳುವಿಕೆಯ ಮಾತು ಬಂದುದರಿಂದ ಮೊದಲನೆಯ ಅಂಕದ ವಿಚಾರಣೆಯನ್ನು ಮತ್ತೆ ನೆನೆಯಬೇಕಾಗಿದೆ. ಅಲ್ಲಿ ಆರೋಪಿಯಾಗಿ ನಿಂತವನು ಒಥೆಲೊ. ಮಾಟಮದ್ದುಗಳಿಂದ ಮಗಳನ್ನು ವಶಪಡಿಸಿಕೊಂಡನೆಂದು ರಾಜ್ಯಸಭೆಯ ಸದಸ್ಯನೇ ದೂರು ಕೊಟ್ಟಿದ್ದಾನೆ. ಆದರೂ ಸಭೆಯು ದೂರುಗಾರನ ಗೌರವವನ್ನು ನೋಡಿ ತೀರ್ಪು ಕೊಡುವುದಿಲ್ಲ. ಬರಿಯ ಹೇಳಿಕೆಯು ಪ್ರಮಾಣವಲ್ಲವೆಂದು ಡ್ಯೂಕನು ನುಡಿಯುತ್ತಾನೆ. ಡೆಸ್ಡಿಮೋನಳನ್ನು ಕರೆಸಿ ಕೇಳಬೇಕೆಂದು ಒಥೆಲೊವೇ ಬೇಡುತ್ತಾನೆ. ಅವಳು ಬಂದು ಹೇಳಿದ ಮೇಲೆ ಮೊಕದ್ದಮೆ ಮುಗಿಯುತ್ತದೆ. ಸಭೆಗೆ ತುರ್ಕರ ಯುದ್ಧಕ್ಕಾಗಿ ಒಥೆಲೊ ಬೇಕಾಗಿದ್ದನೆಂಬುದು ನಿಜ. ಆದರೂ ವಿಚಾರಣೆಯ ಕ್ರಮವು ಕ್ರಮವೇ. ಒಥೆಲೊವಿನ ಹೆಸರನ್ನು ಅಂದು ಉಳಿಸಿದುದು ಡೆಸ್ಡಿಮೋನಳ ಮಾತು.

ಡೆಸ್ಡಿಮೋನಳಿಗೆ ಅಂಥ ವಿಚಾರಣೆಯು ದೊರೆಯುವುದಿಲ್ಲ. ಮೂರನೆಯ ಅಂಕದಿಂದ ಐದನೆಯ ಅಂಕದವರೆಗೆ ಅವಳ ಮೇಲಿನ ಆರೋಪವೇನೆಂಬುದನ್ನು ಪೂರ್ತಿಯಾಗಿ ಅವಳಿಗೆ ತಿಳಿಸಿದವರಿಲ್ಲ. ಬೈಗುಳನ್ನು ಕೇಳುತ್ತಾಳೆ, ಏಟನ್ನು ತಿನ್ನುತ್ತಾಳೆ. ಆದರೆ ಕ್ಯಾಸಿಯೊವಿನ ಹೆಸರೂ ಕರವಸ್ತ್ರವೂ ಕೂಡಿ ಅವಳ ಮುಂದೆ ಬರುವುದು ಸಾವಿನ ಹಾಸಿಗೆಯಲ್ಲಿ. ಆಗ ಅವಳು ತಟ್ಟನೆ, ಅವನನ್ನು ಕರೆಸಿ ಕೇಳಿರಿ ಎನ್ನುತ್ತಾಳೆ. ಮೊದಲನೆಯ ಅಂಕದಲ್ಲಿ ಒಥೆಲೊ ಕೇಳಿಕೊಂಡಿದ್ದುದೂ ಇದನ್ನೇ. ಅಂದು ಸಭೆಯು ಒಪ್ಪಿತು. ಇಂದು ಒಥೆಲೊ ಒಪ್ಪಲಿಲ್ಲ. ಕ್ಯಾಸಿಯೊವಿನ ಬಾಯಿ ಮುಚ್ಚಿಹೋಯಿತೆಂದು ಅವನು ತಿಳಿದಿದ್ದಾನೆ. ಷೇಕ್ಸ್‌ಪಿಯರನು ಮೂಲದಲ್ಲಿಲ್ಲದ ವಿಚಾರಣೆಯನ್ನು ಮೊದಲಲ್ಲಿಯೇ ಸೇರಿಸಿದ ಅಭಿಪ್ರಾಯವು ಈ ಕಡೆಯ ದೃಶ್ಯದಲ್ಲಿ ಹೊಳೆಯುತ್ತದೆ.

ಕವಿಯ ಕಾಲದ ಲಂಡನ್ನಿನಲ್ಲಿ ಶೀಲಕ್ಕೆ ಕಳಂಕ ಹಚ್ಚಿದವರ ಮೇಲೆ ಸ್ತ್ರೀಯರು ಚರ್ಚಿನ ನ್ಯಾಯಾಲಯಗಳಲ್ಲಿ ದಾವೆ ಹೂಡುತ್ತಿದ್ದರು. ಅಂಥ ವ್ಯವಹಾರಗಳ ದಾಖಲೆಗಳು ಹೇರಳವಾಗಿ ಉಳಿದುಬಂದಿವೆ. ಆ ಕಾಲದ ಪ್ರೇಕ್ಷಕರಿಗೆ ಅಪವಾದವೆಂದರೆ ಸಾಕ್ಷಿ ಕರೆದು ಎದುರಿಸಬಹುದಾದ ವಸ್ತು. ಇದನ್ನು ನೆನೆದರೆ ಡೆಸ್ಡಿಮೋನಳ ಅಸಹಾಯಕತೆಯು ಮತ್ತಷ್ಟು ಕರುಣಾಜನಕವಾಗಿ ತೋರುತ್ತದೆ.

ನಾಟಕದ ಮೂವರು ಸ್ತ್ರೀಯರಲ್ಲಿಯೂ ಹೆಸರಿನ ಪ್ರಶ್ನೆಯು ಬೇರೆ ಬೇರೆಯಾಗಿ ಎದ್ದಿದೆ. ಬಿಯಾಂಕಳು ಗಣಿಕೆಯೆಂದು ಹೆಸರಾದವಳು. ಐದನೆಯ ಅಂಕದಲ್ಲಿ ಕ್ಯಾಸಿಯೊ ಗಾಯಗೊಂಡು ಬಿದ್ದಾಗ ಇಯಾಗೊ ತಪ್ಪನ್ನು ಅವಳ ಮೇಲೆ ಹೊರಿಸುತ್ತಾನೆ. ಯಾರೂ ಏಕೆಂದು ಕೇಳುವುದಿಲ್ಲ. ಅವಳ ಅಳುವೂ ಬಿಳಿಚಿದ ಮುಖವೂ ಅವಳಿಗೆ ವಿರುದ್ಧವಾದ ಸಾಕ್ಷಿಗಳಾಗುತ್ತವೆ. ಸತ್ಯವಂತನ ಮೌನವು ಸತ್ಯವೆಂದು ಎಣಿಸಲ್ಪಟ್ಟಂತೆ ಗಣಿಕೆಯ ಕಣ್ಣೀರು ಸುಳ್ಳೆಂದು ಎಣಿಸಲ್ಪಟ್ಟಿತು. ಎಮಿಲಿಯಳು ನಾಲ್ಕನೆಯ ಅಂಕದಲ್ಲಿ ಒಡತಿಯ ಶುದ್ಧತೆಗೆ ತನ್ನ ಆತ್ಮವನ್ನೇ ಪಣವಿಟ್ಟು ಸಾಕ್ಷ್ಯ ನುಡಿದರೂ ಒಥೆಲೊ ಅದನ್ನು ಕುಂಟಣಿಯ ಮಾತೆಂದು ತಳ್ಳಿಬಿಡುತ್ತಾನೆ. ನಿಜವನ್ನು ಹೇಳಿದವಳಿಗೆ ಹೆಸರಿರಲಿಲ್ಲ; ಹೆಸರಿದ್ದವನು ನಿಜವನ್ನು ಹೇಳಲಿಲ್ಲ.

ಕೊನೆಗೆ ಗಂಟನ್ನು ಬಿಡಿಸುವವಳೂ ಈ ಎಮಿಲಿಯಳೇ. ಕರವಸ್ತ್ರವನ್ನು ಹೆಕ್ಕಿ ಗಂಡನ ಕೈಗೆ ಕೊಟ್ಟವಳು ತಾನೆಂಬುದನ್ನು ಅವಳು ಎಲ್ಲರ ಮುಂದೆ ಹೇಳುತ್ತಾಳೆ. ಅದನ್ನು ಹೇಳುವುದೆಂದರೆ ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುವುದು. ಗಂಡನ ಅಪ್ಪಣೆಯನ್ನು ಮೀರುವುದು. ವಿಧೇಯಳಾದ ಪತ್ನಿಯೆಂಬ ಹೆಸರನ್ನು ಕಳೆದುಕೊಳ್ಳುವುದು. ಮನೆಗೆ ಹೋಗೆಂದೂ ಬಾಯಿ ಮುಚ್ಚೆಂದೂ ಇಯಾಗೊ ಗದರಿಸಿದರೂ ಅವಳು ಸು‌ಮ್ಮನಾಗುವುದಿಲ್ಲ. ಅವನ ಕತ್ತಿಗೆ ಬಲಿಯಾಗುತ್ತಾಳೆ. ತನ್ನ ಹೆಸರಿನ ಲೆಕ್ಕವನ್ನು ಬಿಟ್ಟು ಮಾತನಾಡಿದವಳ ಎದುರಿನಲ್ಲಿ ಇಯಾಗೊವಿನ ಉಪಾಯವು ಕೆಲಸಮಾಡಲಿಲ್ಲ. ಚಿಂತಿಯೊವಿನ ಕಥೆಯ ಭಯಗ್ರಸ್ತಳಾದ ಹೆಂಡತಿಯನ್ನು ಕವಿಯು ಹೀಗೆ ಮಾರ್ಪಡಿಸಿದುದರ ತಾತ್ಪರ್ಯವು ಇದು.

೮

ಒಥೆಲೊವಿನ ಕಡೆಯ ಮಾತುಗಳ ವಿಷಯದಲ್ಲಿ ವಿಮರ್ಶಕರಲ್ಲಿ ಬಹಳ ಭಿನ್ನಾಭಿಪ್ರಾಯವುಂಟು. ರಾಜ್ಯಕ್ಕೆ ತಾನು ಮಾಡಿದ ಸೇವೆಯನ್ನು ನೆನಪಿಸಿ, ತನ್ನ ವಿಷಯವನ್ನು ಬರೆಯುವಾಗ ಏನನ್ನೂ ಮುಚ್ಚದೆ, ಹಗೆಯಿಂದ ಏನನ್ನೂ ಹೆಚ್ಚಿಸದೆ, ಇದ್ದಂತೆ ಬರೆಯಿರೆಂದು ಕೇಳಿಕೊಂಡು ಅವನು ಇರಿದುಕೊಂಡು ಸಾಯುತ್ತಾನೆ. ಟಿ. ಎಸ್. ಎಲಿಯಟ್ ಅವರು ೧೯೨೭ರಲ್ಲಿ, ಇದು ಡೆಸ್ಡಿಮೋನಳನ್ನು ಮರೆತು ತನ್ನನ್ನು ತಾನೇ ಸಂತೈಸಿಕೊಳ್ಳುವ ಪ್ರಯತ್ನವೆಂದು ಹೇಳಿದರು. ಬ್ರ್ಯಾಡ್ಲಿಯವರ ಪಕ್ಷದವರು ಇದರಲ್ಲಿ ಕಳೆದುಹೋದ ಘನತೆಯು ಮರಳಿ ಬಂದುದನ್ನು ಕಾಣುವರು.

ಎರಡು ಪಕ್ಷಗಳಲ್ಲಿಯೂ ಸತ್ಯದ ಅಂಶವಿದೆ. ಒಥೆಲೊ ಸಾಯುವಾಗಲೂ ಹೆಸರನ್ನೇ ಯೋಚಿಸುತ್ತಿದ್ದಾನೆ ಎಂಬುದು ನಿಜ. ಆದರೆ ಈ ಸಲ ಅವನು ಬೇಡುವುದು ಒಳ್ಳೆಯ ಹೆಸರನ್ನಲ್ಲ, ಸರಿಯಾದ ಹೆಸರನ್ನು. ಸ್ವಲ್ಪ ಹೊತ್ತಿಗೆ ಮುಂಚೆ ಅವನು ತನ್ನನ್ನು ಮಾನಕ್ಕಾಗಿ ಕೊಂದವನೆಂದು ಕರೆದುಕೊಂಡಿದ್ದನು. ಈಗ ಅಂಥ ಅಲಂಕಾರವನ್ನು ಬಿಟ್ಟು, ಇದ್ದುದನ್ನು ಇದ್ದಂತೆ ಹೇಳಿರೆನ್ನುತ್ತಾನೆ. ಡೆಸ್ಡಿಮೋನಳಿಗೆ ತಾನು ಕೊಡದಿದ್ದ ನ್ಯಾಯವು ಇದೇ ಅಲ್ಲವೆ ಎಂಬುದು ಅವನ ಅರಿವಿಗೆ ಬಂದಿತೋ ಇಲ್ಲವೋ ಕವಿಯು ಹೇಳಿಲ್ಲ. ಪ್ರೇಕ್ಷಕರ ಅರಿವಿಗೆ ಬರದಿರದು.

ಡೆಸ್ಡಿಮೋನಳ ಕಡೆಯ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಯಾರು ಕೊಂದರೆಂದು ಎಮಿಲಿಯಳು ಕೇಳಿದಾಗ ಅವಳು, ಯಾರೂ ಅಲ್ಲ, ತಾನೇ ಎಂದು ಹೇಳಿ, ಗಂಡನಿಗೆ ತನ್ನ ವಂದನೆಯನ್ನು ತಿಳಿಸೆಂದು ಪ್ರಾಣಬಿಡುತ್ತಾಳೆ. ಅದು ಸುಳ್ಳು, ಒಥೆಲೊ ಅದನ್ನೂ ಅವಳ ಮೇಲಿನ ಇನ್ನೊಂದು ಆರೋಪವನ್ನಾಗಿ ಎತ್ತಿಕೊಳ್ಳುತ್ತಾನೆ. ಆದರೆ ಈ ನಾಟಕದಲ್ಲಿ ಇನ್ನೊಬ್ಬರ ಹೆಸರನ್ನು ಕೆಡಿಸುವುದಕ್ಕಾಗಿ ಹೇಳಿದ ಸುಳ್ಳುಗಳು ಎಷ್ಟೋ ಇವೆ; ಇನ್ನೊಬ್ಬರ ಹೆಸರನ್ನು ಉಳಿಸುವುದಕ್ಕಾಗಿ, ತನ್ನ ಹೆಸರನ್ನು ಬಲಿಕೊಟ್ಟು, ಸಾಯುತ್ತ ಹೇಳಿದ ಸುಳ್ಳು ಇದೊಂದೇ. ಇಯಾಗೊವಿನ ಬಾಯಿಂದ ಬಂದ ಕೀರ್ತಿಯ ಪ್ರಶಂಸೆಗೆ ಕವಿಯು ಕೊಟ್ಟ ಪ್ರತ್ಯುತ್ತರವು ಯಾವ ಸುಭಾಷಿತದಲ್ಲಿಯೂ ಇಲ್ಲ. ಅದು ಈ ಮಾತಿನಲ್ಲಿದೆ.